ಅರವತ್ತು ಸಾವಿರದಲ್ಲಿ ಹಾಲ್, ಡೈನಿಂಗ್ ಸರಿಮಾಡಿಸಬಹುದಾ?

ಕಿಟಕಿ ಪಕ್ಕ | ಜುಲೈ 12

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಮಾವ 1986ರಲ್ಲಿ ಕಟ್ಟಿಸಿದ್ದು. ಹಾಲ್, ಡೈನಿಂಗ್ ಎರಡೂ ಸೇರಿ ಒಂದೇ ಉದ್ದನೆಯ ಜಾಗ. 22 ಅಡಿ ಉದ್ದ, 11 ಅಡಿ ಅಗಲ. ನಡುವೆ ಆರಡಿ ಅಗಲದ ತೇಗದ ಶೋಕೇಸ್ ಗೋಡೆಯ ಹಾಗೆ ಅಡ್ಡ ನಿಂತಿದೆ. ದೊಡ್ಡ ಕಿಟಕಿಗಳೆಲ್ಲ ಹಾಲ್ ಕಡೆ. ಹಾಗಾಗಿ ಡೈನಿಂಗ್‌ನಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಗೂ ಟ್ಯೂಬ್‌ಲೈಟ್ ಬೇಕು.

ನೆಲ ಕೆಂಪು ಆಕ್ಸೈಡಿನದು, ಓಡಾಡುವ ಕಡೆ ಮಂಕಾಗಿದೆ. ಗೋಡೆಗೆ ಹದಿನಾಲ್ಕು ವರ್ಷದ ಹಿಂದಿನ ತಿಳಿ ಹಸಿರು ಡಿಸ್ಟೆಂಪರ್, ಒರಗಿದರೆ ಬೆನ್ನಿಗೆ ಬಳಿದುಕೊಳ್ಳುತ್ತೆ. ಕೈ ತೊಳೆಯುವ ಬೇಸಿನ್ ಇರುವ ಗೋಡೆ ಕೆಳಗಿನಿಂದ ಮೂರಡಿ ಉಬ್ಬಿದೆ. ಸೋಫಾದ ರೆಕ್ಸಿನ್ ಸಿಪ್ಪೆ ಸಿಪ್ಪೆಯಾಗಿ ಎದ್ದು, ಬಂದವರ ಬಟ್ಟೆಗೆ ಅಂಟಿಕೊಂಡು ಅವರ ಮನೆಗೇ ಹೋಗುತ್ತೆ. ಡೈನಿಂಗ್ ಟೇಬಲ್ ಮೇಲೆ ಹಳೇ ಪೇಪರ್, ಹೆಲ್ಮೆಟ್, ಇಸ್ತ್ರಿಗೆ ಕೊಡಬೇಕಾದ ಬಟ್ಟೆ, ಮಗನ ಪ್ರಾಜೆಕ್ಟಿನ ಥರ್ಮೋಕೋಲ್. ಊಟ ಮಾತ್ರ ಟಿವಿ ಮುಂದೆ.

ಒಂದು ಇಂಟೀರಿಯರ್ ಕಂಪನಿಯವರನ್ನು ಕರೆಸಿದ್ದೆವು. ಫಾಲ್ಸ್ ಸೀಲಿಂಗ್, ಟಿವಿ ಹಿಂದೆ ಪ್ಯಾನೆಲ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಎಲ್ಲ ಸೇರಿಸಿ 3,80,000 ಅಂದರು. ಕಾಫಿ ಕೊಟ್ಟು ಕಳಿಸಿದೆವು. ನಮ್ಮ ಕೈಯಲ್ಲಿರುವುದು 60,000. ನವರಾತ್ರಿಗೆ ಇನ್ನು ಹತ್ತು ವಾರ ಇದೆ. ನಮ್ಮಲ್ಲಿ ಗೊಂಬೆ ಕೂರಿಸುತ್ತೇವೆ, ಒಂಬತ್ತು ದಿನವೂ ಜನ ಬರುತ್ತಾರೆ. ಅಷ್ಟರೊಳಗೆ ಆಗಬೇಕು. ಯಾವುದರಿಂದ ಶುರು ಮಾಡಲಿ?

ಬಾಡಿಗೆ ಮನೆ | ಜುಲೈ 12

ಉಬ್ಬಿದ ಗೋಡೆಗೆ ವಾಲ್‌ಪೇಪರ್ ಅಂಟಿಸಿಬಿಡಿ. ಆನ್‌ಲೈನ್‌ನಲ್ಲಿ ಇಟ್ಟಿಗೆ ಡಿಸೈನ್ ಚೆನ್ನಾಗಿ ಸಿಗುತ್ತೆ. ಎರಡು ಸಾವಿರದಲ್ಲಿ ಒಂದು ಗೋಡೆ ಮುಗೀತು. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹಾಗೇ ಮಾಡಿದ್ದು.

ಬಣ್ಣದ ಡಬ್ಬ | ಜುಲೈ 12

ದಯವಿಟ್ಟು ಬೇಡ ಮೇಡಂ. ನಾನು ಇಪ್ಪತ್ತು ವರ್ಷದಿಂದ ಪೇಂಟಿಂಗ್ ಕೆಲಸ ಮಾಡಿಸುತ್ತಿದ್ದೇನೆ. ತೇವದ ಗೋಡೆಗೆ ವಾಲ್‌ಪೇಪರ್ ಹಾಕಿದರೆ ಒಳಗಿನ ನೀರಿಗೆ ಹೊರಗೆ ಹೋಗಲು ದಾರಿ ಇರಲ್ಲ. ಎರಡು ತಿಂಗಳಲ್ಲಿ ಅಂಚು ಬಿಡುತ್ತೆ, ಹಿಂದೆ ಕಪ್ಪು ಬೂಷ್ಟು. ಊಟದ ಜಾಗದಲ್ಲಿ ಆ ವಾಸನೆ ಯಾರಿಗೆ ಬೇಕು?

ಮೊದಲು ಎರಡು ಪ್ರಶ್ನೆ. ಉಬ್ಬಿದ ಕಡೆ ಬೆರಳಲ್ಲಿ ಕೆರೆದರೆ ಬಿಳಿ ಪುಡಿ, ಉಪ್ಪಿನ ಥರ ಬರುತ್ತಾ? ಆ ಗೋಡೆಯ ಆಚೆ ಏನಿದೆ?

ಕಿಟಕಿ ಪಕ್ಕ | ಜುಲೈ 13

ಬರುತ್ತೆ. ಪ್ರತಿ ಭಾನುವಾರ ಗುಡಿಸುತ್ತೇನೆ, ಮುಂದಿನ ಭಾನುವಾರಕ್ಕೆ ಮತ್ತೆ ಅಷ್ಟೇ ಬಿದ್ದಿರುತ್ತೆ. ಆಚೆ ಕಡೆ ಪಕ್ಕದ ಸೈಟಿನ ಓಣಿ. ಬಾತ್‌ರೂಮ್ ಅಲ್ಲ.

ಗಾರೆ ನೆಲ | ಜುಲೈ 13

ನಾನು ನಿವೃತ್ತ ಸಿವಿಲ್ ಇಂಜಿನಿಯರ್, ಮೈಸೂರಿನವನೇ. 1986ರ ಮನೆ ಅಂದಿರಿ. ಆಗ ಗೋಡೆಯೊಳಗೆ ಹಾಕುತ್ತಿದ್ದದ್ದು ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಸುಮಾರು ನಲವತ್ತು ವರ್ಷಕ್ಕೆ ಅದು ಒಳಗಿಂದೊಳಗೇ ತುಕ್ಕು ಹಿಡಿದಿರುತ್ತೆ. ಬೇಸಿನ್ ಇರುವ ಗೋಡೆಯೇ ಉಬ್ಬಿದೆ ಎಂದರೆ ನನ್ನ ಅನುಮಾನ ಆ ಪೈಪಿನ ಜಾಯಿಂಟ್ ಮೇಲೆ.

ಖರ್ಚಿಲ್ಲದ ಎರಡು ಪರೀಕ್ಷೆ ಹೇಳುತ್ತೇನೆ. ಒಂದು, ಗೋಡೆ ಮೇಲೆ ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗೆ ಇದೆ. ಹೊರಗಿನ ಮೈಯಲ್ಲಿದ್ದರೆ ಬರೀ ಹವೆಯ ತೇವ. ಎರಡು, ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಹೋಗಿ ನೋಡಿ.

ಇದು ಗೊತ್ತಾಗುವವರೆಗೆ ಬಣ್ಣ, ಪರದೆ, ಸೋಫಾ ಯಾವುದನ್ನೂ ಮುಟ್ಟಬೇಡಿ.

ಕಿಟಕಿ ಪಕ್ಕ | ಜುಲೈ 16

ಸರ್, ಪ್ಲಾಸ್ಟಿಕ್ ಹಾಳೆಯ ಒಳಮೈ ಒದ್ದೆ. ಟ್ಯಾಂಕಿನಲ್ಲಿ ನೀರು ಒಂದು ರಾತ್ರಿಗೆ ಎರಡು ಬೆರಳು ಇಳಿದಿತ್ತು. ಇಷ್ಟು ವರ್ಷ "ಮನೆ ವಾಸ್ತು ಸರಿಯಿಲ್ಲ, ಅದಕ್ಕೆ ಗೋಡೆ ಅಳುತ್ತೆ" ಅಂತ ಚಿಕ್ಕಮಾವ ಹೇಳುತ್ತಿದ್ದರು.

ಪ್ಲಂಬರ್ ನಾಳೆ ಬರುತ್ತಾರೆ. ಅಷ್ಟರಲ್ಲಿ ನೆಲದ ಬಗ್ಗೆ ಹೇಳಿ. ನಮ್ಮವರಿಗೆ ಟೈಲ್ಸ್ ಆಸೆ ಇನ್ನೂ ಹೋಗಿಲ್ಲ.

ಬಾಡಿಗೆ ಮನೆ | ಜುಲೈ 16

ವಾಲ್‌ಪೇಪರ್ ಮಾತು ವಾಪಸ್ ತಗೊಂಡೆ. ಆದರೆ ಟೈಲ್ಸ್ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಕಡೆ. ಕೆಂಪು ನೆಲ ಫೋಟೋದಲ್ಲಿ ಚಂದ. ಮನೆಯಲ್ಲಿ ಕತ್ತಲೆ ಕತ್ತಲೆ ಅನಿಸುತ್ತೆ. ಬಿಳಿ ಟೈಲ್ಸ್ ಹಾಕಿದರೆ ಆ ಡೈನಿಂಗ್‌ಗೆ ಬೆಳಕು ತಾನಾಗೇ ಬರುತ್ತೆ.

ಗಾರೆ ನೆಲ | ಜುಲೈ 16

ಡೈನಿಂಗ್‌ಗೆ ಕತ್ತಲೆ ಬಂದಿರುವುದು ನೆಲದಿಂದ ಅಲ್ಲ, ಅಡ್ಡ ನಿಂತ ಶೋಕೇಸಿನಿಂದ.

ಲೆಕ್ಕ ಹಾಕೋಣ. 22 × 11 ಅಂದರೆ 242 ಚದರಡಿ. ಟೈಲ್ಸು, ಸಿಮೆಂಟು, ಕೂಲಿ, ಸ್ಕರ್ಟಿಂಗ್ ಸೇರಿದರೆ ನಿಮ್ಮ ಅರವತ್ತರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಗುತ್ತೆ. ಹಳೆ ನೆಲದ ಮೇಲೇ ಕೂರಿಸಿದರೂ ಮಟ್ಟ ಅರ್ಧದಿಂದ ಒಂದೂವರೆ ಇಂಚು ಏರುತ್ತೆ. ಆಗ ಬಾಗಿಲುಗಳ ಕೆಳಗೆ ಕೊಯ್ಯಬೇಕು. ಅಡುಗೆಮನೆಗೆ, ರೂಮುಗಳಿಗೆ ಹೋಗುವ ಕಡೆ ಸಣ್ಣ ಮೆಟ್ಟಿಲಾಗುತ್ತೆ. ಮನೆಯಲ್ಲಿ ವಯಸ್ಸಾದವರಿದ್ದರೆ ಎಡವುವುದು ಇಂಥ ಒಂದಿಂಚಿನ ಮೆಟ್ಟಿಲಲ್ಲೇ.

ಇನ್ನೊಂದು ಮಾತು. ಈ ನೆಲವನ್ನು ಈಗ ಹಾಕುವವರು ಕಡಿಮೆ. ಹಸಿ ಗಾರೆಯ ಮೇಲೆ ಸಿಮೆಂಟು, ಆಕ್ಸೈಡ್ ಪುಡಿ ಬೆರೆಸಿ ಹಾಕಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತರಿಸುತ್ತಿದ್ದರು. ಮೊಣಕಾಲೂರಿ ಕೂತು ಮಾಡುವ ಕೆಲಸ. ನಿಮ್ಮ ಮಾವ ಅದಕ್ಕೆ ಆಗಲೇ ದುಡ್ಡು ಕೊಟ್ಟಿದ್ದಾರೆ. ಎರಡನೇ ಸಲ ಯಾಕೆ?

ಕುಡ್ಲದ ಮಳೆ | ಜುಲೈ 17

ಸರಿ ಹೇಳಿದ್ರಿ ಮಾರ್ರೆ. ನಮ್ಮ ಮಂಗಳೂರಿನ ಹಳೆ ಮನೆಯಲ್ಲೂ ಕೆಂಪು ನೆಲವೇ. ಬೇಸಿಗೆಯಲ್ಲಿ ಮಧ್ಯಾಹ್ನ ಎಲ್ಲರೂ ಅದರ ಮೇಲೇ ಮಲಗುವುದು.

ನೆಲಕ್ಕೆ ಮಾತ್ರ ಆಸಿಡ್ ಹಾಕಬೇಡಿ. ಬಾತ್‌ರೂಮ್ ತೊಳೆಯುವ ದ್ರವ ಕೂಡ ಬೇಡ, ಅದು ಸಿಮೆಂಟನ್ನು ತಿನ್ನುತ್ತೆ. ಸಾಬೂನಿನ ನೀರಲ್ಲಿ ತೆಂಗಿನ ನಾರು ಹಾಕಿ ಉಜ್ಜಿ, ಎರಡು ದಿನ ಒಣಗಲು ಬಿಡಿ. ಆಮೇಲೆ ಕೆಂಪು ಮೇಣದ ಪಾಲಿಶ್ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಹಳೇ ಕಂಬಳಿ ತುಂಡಿನಲ್ಲಿ ಎಳೆಯಿರಿ. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಹೊಳಪು ಬರುತ್ತೆ, ಆದರೆ ಜಾಸ್ತಿಯಾದರೆ ಅಜ್ಜಿ ಜಾರುತ್ತಾರೆ. ನಮ್ಮಲ್ಲಿ ಅದೂ ಆಗಿದೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಬಿರುಕು ಇದ್ದರೆ ಹಾಗೇ ಬಿಡಿ. ತೇಪೆ ಹಾಕಿದರೆ ಬಣ್ಣ ಯಾವತ್ತೂ ಹೊಂದುವುದಿಲ್ಲ.

ಕಿಟಕಿ ಪಕ್ಕ | ಜುಲೈ 20

ಗೋಡೆ ಒಡೆದರು. ಇಂಜಿನಿಯರ್ ಸರ್ ಹೇಳಿದ್ದೇ ನಿಜ. ಬೇಸಿನ್‌ಗೆ ಏರುವ ಪೈಪಿನ ತಿರುವಿನ ಜಾಯಿಂಟ್ ಕೈಯಲ್ಲಿ ಹಿಡಿದರೆ ಚಕ್ಕುಲಿಯಂತೆ ಮುರಿಯಿತು. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪ್ ಹಾಕಿಸಿ, ಉಬ್ಬಿದ ಗಾರೆ ಇಟ್ಟಿಗೆ ಕಾಣುವವರೆಗೆ ಕಿತ್ತು, ಹೊಸ ಪ್ಲಾಸ್ಟರ್ ಮಾಡಿಸಿದೆವು. ಒಟ್ಟು 6,500. ನಮ್ಮವರು ಟೈಲ್ಸ್ ಬಿಟ್ಟರು. ಚಿಕ್ಕಮಾವ ಸುಮ್ಮನಾದರು.

ಬಣ್ಣ ಯಾವಾಗ ಹೊಡೆಸಬಹುದು?

ಬಣ್ಣದ ಡಬ್ಬ | ಜುಲೈ 20

ಒಂದು ವಾರ ಆ ಪ್ಲಾಸ್ಟರಿಗೆ ನೀರು ಹಾಕಿ. ಆಮೇಲೆ ಪೂರ್ತಿ ಒಣಗಲು ಬಿಡಿ. ಸರಿಯಾಗಿ ಬೇಕೆಂದರೆ ನಾಲ್ಕು ವಾರ. ಸೆಪ್ಟೆಂಬರ್ ಮೊದಲ ವಾರ ಬಣ್ಣಕ್ಕೆ ಇಟ್ಟುಕೊಳ್ಳಿ, ಹಬ್ಬಕ್ಕೆ ಆಗುತ್ತೆ. ಯಾರಾದರೂ ಪೇಂಟರ್ "ನಾಳೇನೇ ಹೊಡೆದುಬಿಡೋಣ" ಅಂದರೆ ಅವರನ್ನು ನಾಳೇನೇ ಕಳಿಸಿಬಿಡಿ.

ಡಿಸ್ಟೆಂಪರ್ ಮೇಲೆ ನೇರವಾಗಿ ಇಮಲ್ಷನ್ ಹೊಡೆಯಲು ಬಿಡಬೇಡಿ. ಕೈಗೆ ಪುಡಿ ಅಂಟುವ ಗೋಡೆಗೆ ಬಣ್ಣ ಹಿಡಿಯಲ್ಲ. ಪುಡಿಯನ್ನೇ ಹಿಡಿದುಕೊಂಡು ಹಾಳೆ ಹಾಳೆಯಾಗಿ ಬರುತ್ತೆ. ಪೂರ್ತಿ ಕೆರೆಸಿ, ಒರೆಸಿ, ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್, ಆಮೇಲೆ ಎರಡು ಕೋಟ್. ಅವಸರದಲ್ಲಿ ಹಾರಿಸುವುದು ಯಾವಾಗಲೂ ಆ ಎರಡನೇ ಪ್ರೈಮರನ್ನೇ. ಹಾಗಾಗಿ ಆ ದಿನ ಮನೆಯಲ್ಲಿ ಯಾರಾದರೂ ಇರಿ.

ನಿಮ್ಮ ಅಳತೆ: ಸುತ್ತಳತೆ 66 ಅಡಿ, ಹತ್ತಡಿ ಎತ್ತರ ಅಂದುಕೊಂಡರೆ 660. ಬಾಗಿಲು ಕಿಟಕಿ ಕಳೆದರೆ ಸುಮಾರು 550. ಚಾವಣಿ 242. ಹತ್ತಿರ ಹತ್ತಿರ 790 ಚದರಡಿ. ಎಕಾನಮಿ ಇಮಲ್ಷನ್‌ನಲ್ಲಿ, ಸಾಮಾನು ಕೂಲಿ ಸೇರಿ, ಚದರಡಿಗೆ 22ರಿಂದ 26 ಕೇಳಬಹುದು. ಅಳತೆ ನೀವೇ ಹಿಡಿದಿಟ್ಟುಕೊಳ್ಳಿ. ಬಾಗಿಲು ಕಿಟಕಿಯನ್ನೂ ಗೋಡೆ ಅಂತಲೇ ಲೆಕ್ಕ ಹಾಕುವ ಜನ ಇದ್ದಾರೆ, ಮರಕ್ಕೆ ಬೇರೆ ಬಣ್ಣ ಹೊಡೆಯದಿದ್ದರೂ. ಬಣ್ಣದ ಡಬ್ಬ ನೀವೇ ಅಂಗಡಿಗೆ ಹೋಗಿ ತನ್ನಿ. ಕೆಲವು ಡಬ್ಬದೊಳಗೆ ಪೇಂಟರಿಗೆ ಟೋಕನ್ ಇರುತ್ತೆ, ಅದನ್ನು ಮಾತ್ರ ಅವರಿಗೇ ಕೊಟ್ಟುಬಿಡಿ. ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಳ್ಳಬಾರದಲ್ಲ!

ಚಿಕ್ಕಪೇಟೆ ಚೀಲ | ಜುಲೈ 21

ಬಣ್ಣ ಆರಿಸುವಾಗ ಶೇಡ್ ಕಾರ್ಡ್ ನಂಬಬೇಡಿ. ಬೆರಳಷ್ಟು ತುಂಡಿನಲ್ಲಿ ಕೆನೆ ಬಣ್ಣ ಕಂಡದ್ದು ಗೋಡೆಗೆ ಬಂದರೆ ಅರಿಶಿನ. ಚಿಕ್ಕ ಡಬ್ಬ ತಂದು ದಪ್ಪ ರಟ್ಟಿನ ಮೇಲೆ ಎರಡು ಕೋಟ್ ಹೊಡೆದು, ಹಾಲ್‌ನಲ್ಲೂ ಡೈನಿಂಗ್‌ನಲ್ಲೂ ಒರಗಿಸಿಡಿ. ಬೆಳಿಗ್ಗೆ, ಸಂಜೆ, ರಾತ್ರಿ ಲೈಟಿನಲ್ಲಿ ನೋಡಿ. ನೆಲ ಕೆಂಪಿರುವುದರಿಂದ ಅದರ ಛಾಯೆ ಗೋಡೆಗೂ ಬಡಿಯುತ್ತೆ. ನೀಲಿ ಮಿಶ್ರಿತ ಬಿಳಿ ಅಲ್ಲಿ ಕೊಳಕಾಗಿ ಕಾಣಬಹುದು. ಸ್ವಲ್ಪ ಹಳದಿ ಕಡೆಗಿರುವ ಬಿಳಿ ನೋಡಿ.

ಒಂದು ಗೋಡೆಗೆ ಮಾತ್ರ ಗಾಢ ಕಿತ್ತಳೆ, ಗಾಢ ನೇರಳೆ ಅಂತ ಹೇಳುವವರು ಬರುತ್ತಾರೆ. ಹನ್ನೊಂದಡಿ ಅಗಲದ ಹಾಲ್‌ಗೆ ಬೇಡ. ನಾನು ಮಾಡಿಸಿ ಒಂದು ವರ್ಷ ಅನುಭವಿಸಿದ್ದೇನೆ, ಟಿವಿ ನೋಡಲು ಕೂತರೆ ತಲೆನೋವು.

ಸ್ವಿಚ್ ಬೋರ್ಡ್ | ಜುಲೈ 22

ಬಣ್ಣಕ್ಕಿಂತ ಮೊದಲು ಲೈಟ್ ಪಾಯಿಂಟ್ ತೀರ್ಮಾನ ಮಾಡಿ. ಬಣ್ಣ ಮುಗಿದ ಮೇಲೆ ಗೋಡೆ ಕೊರೆಸಿದವರ ಗೋಳು ದಿನಾ ನೋಡುತ್ತೇನೆ.

ನಿಮ್ಮಲ್ಲಿ ಈಗ ಇರುವುದು ಎರಡು ಬಿಳಿ ಟ್ಯೂಬ್, ಅಲ್ವಾ? ಬಲ್ಬಿನ ಡಬ್ಬದ ಮೇಲೆ ನೋಡಿ. 6500 ಕೆ ಎಂದಿದ್ದರೆ ಆಸ್ಪತ್ರೆ ಬಿಳಿ, 3000 ಕೆ ಎಂದಿದ್ದರೆ ಹಳೇ ಬಲ್ಬಿನ ಹಳದಿ. ಓದಲು, ಕಸ ಗುಡಿಸಲು ಒಂದು ಬಿಳಿ ಟ್ಯೂಬ್ ಇರಲಿ. ಉಳಿದ ಕಡೆ 9 ವಾಟಿನ ಹಳದಿ ಎಲ್‌ಇಡಿ ಮೂರು ನಾಲ್ಕು, ಬೇರೆ ಬೇರೆ ಸ್ವಿಚ್ಚಿಗೆ. ಸೋಫಾ ಪಕ್ಕ ಗೋಡೆಗೆ ಒಂದು, ಬೇಸಿನ್ ಕನ್ನಡಿ ಮೇಲೆ ಒಂದು, ಊಟದ ಟೇಬಲ್ ಮೇಲೆ ಒಂದು. ಊಟದ ಮೇಲೆ ಹಳದಿ ಬೆಳಕು ಬಿದ್ದರೆ ಸಾರಿನ ಬಣ್ಣವೇ ಬೇರೆ.

ಟೇಬಲ್ ಮೇಲೆ ತೂಗುದೀಪ ಹಾಕುವುದಾದರೆ ಟೇಬಲಿನಿಂದ ಎರಡೂವರೆ ಅಡಿ ಎತ್ತರಕ್ಕೆ ಬರಲಿ. ಆದರೆ ಫ್ಯಾನ್ ಎಲ್ಲಿದೆ ನೋಡಿಕೊಳ್ಳಿ. ಫ್ಯಾನಿನ ಹತ್ತಿರ ತೂಗುದೀಪ ಹಾಕಿದರೆ ಇಡೀ ಊಟ ಹಡಗಿನಲ್ಲಿ ಕೂತ ಹಾಗೆ. ಫ್ಯಾನಿನ ರೆಕ್ಕೆಗಿಂತ ಮೇಲೆ ಲೈಟ್ ಬಂದರೂ ನೆರಳು ಚಕಚಕ ಓಡುತ್ತೆ. ಜಾಗ ಇಲ್ಲದಿದ್ದರೆ ಗೋಡೆ ದೀಪವೇ ವಾಸಿ.

ಇಷ್ಟು ಹಳೆ ಮನೆಯಾದರೆ ವೈರಿಂಗ್ ಒಮ್ಮೆ ತೋರಿಸಿ. ಅಲ್ಯೂಮಿನಿಯಂ ತಂತಿ ಇರಬಹುದು, ಎಷ್ಟೋ ಪಾಯಿಂಟಿಗೆ ಅರ್ತ್ ಇರಲ್ಲ. ಗೋಡೆ ಕೊರೆಯದೆ ಕೇಸಿಂಗ್ ಪಟ್ಟಿಯಲ್ಲಿ ತಂತಿ ತಂದು, ಅದರ ಮೇಲೇ ಗೋಡೆಯ ಬಣ್ಣ ಹೊಡೆಸಿದರೆ ಅಷ್ಟಾಗಿ ಕಾಣಲ್ಲ.

ಕಿಟಕಿ ಪಕ್ಕ | ಜುಲೈ 25

ಈಗ ನಿಜವಾದ ಸಮಸ್ಯೆಗೆ ಬರುತ್ತೇನೆ. ಶೋಕೇಸ್. ಅದು ಹೋದರೆ ಬೆಳಕು ಬರುತ್ತೆ ಅಂತ ನಿಮ್ಮಂತೆ ನನಗೂ ಗೊತ್ತು. ಅತ್ತೆ ಒಪ್ಪುತ್ತಿಲ್ಲ. "ಅದು ನಿಮ್ಮ ಮಾವ ಎದುರಿಗೆ ಕೂತು ಮಾಡಿಸಿದ್ದು" ಅಂದರು. ಅದಕ್ಕೆ ಎದುರು ಮಾತಾಡಲು ನನಗೆ ಬಾಯಿ ಬರಲಿಲ್ಲ.

ಹುಬ್ಬಳ್ಳಿ ಕೌದಿ | ಜುಲೈ 25

ಅಕ್ಕಾರ, ಶೋಕೇಸ್ ತಗೀರಿ ಅಂತ ಕೇಳಬ್ಯಾಡ್ರಿ. ಬಣ್ಣ ಹೊಡೆಯೋಕೆ ಹೆಂಗಿದ್ರೂ ಖಾಲಿ ಮಾಡಲೇಬೇಕು. ಅತ್ತೆಯವರ ಕೂಡ ಕೂತು ಒಂದೊಂದ ಸಾಮಾನು ಕೆಳಗ ಇಳಸ್ರಿ. ಅರ್ಧ ಮಾತು ಅಲ್ಲೇ ಆಗತದ.

ಕಿಟಕಿ ಪಕ್ಕ | ಆಗಸ್ಟ್ 3

ಹುಬ್ಬಳ್ಳಿಯವರೇ, ನಿಮಗೊಂದು ಕಿಲೋ ಮೈಸೂರು ಪಾಕ್ ಬಾಕಿ.

ನಿನ್ನೆ ಮಧ್ಯಾಹ್ನ ನಾನೂ ಅತ್ತೆಯೂ ನೆಲದ ಮೇಲೆ ಹಳೇ ಪೇಪರ್ ಹಾಸಿಕೊಂಡು ಕೂತೆವು. ಮೇಲಿನ ಹಲಗೆಯಿಂದ ಶುರು. ಹಳದಿಯಾದ ಪ್ಲಾಸ್ಟಿಕ್ ಹೂವಿನ ಗುಚ್ಛ. ತಿರುಪತಿಯಿಂದ ತಂದ ಶಂಖದ ಗಡಿಯಾರ, ಮುಳ್ಳಿಲ್ಲ. ನಮ್ಮವರು ಹೈಸ್ಕೂಲಿನಲ್ಲಿ ಗೆದ್ದ ಮೂರು ಕಪ್. ಒಂದರೊಳಗೆ ಸೇಫ್ಟಿ ಪಿನ್, ಒಂದರೊಳಗೆ ಹಳೇ ಐದು ಪೈಸೆ ನಾಣ್ಯ. ಆರು ಕಪ್ಪಿನ ಟೀ ಸೆಟ್, ಇನ್ನೂ ಹುಲ್ಲಿನ ಜೊತೆಗೇ ಪೆಟ್ಟಿಗೆಯಲ್ಲಿತ್ತು. ಅತ್ತೆಯ ಮದುವೆಗೆ ಬಂದದ್ದಂತೆ, ಒಂದು ಸಲವೂ ಟೀ ಕಂಡಿಲ್ಲ. ಚನ್ನಪಟ್ಟಣದ ಗೊಂಬೆಗಳು ಮಾತ್ರ ಒರೆಸಿದ ತಕ್ಷಣ ಹೊಸದಾದವು. ಆ ಅರಗಿನ ಬಣ್ಣ ಎಷ್ಟು ಗಟ್ಟಿ ನೋಡಿ.

ಅತ್ತೆ ಒಂದೊಂದನ್ನೂ ಎತ್ತಿ, ಸೆರಗಿನಲ್ಲಿ ಒರೆಸಿ, ಎಡಕ್ಕೆ ಬಲಕ್ಕೆ ಇಡುತ್ತಾ ಹೋದರು. ಎಡ ಅಂದರೆ ಬೇಕು, ಬಲ ಅಂದರೆ ಬೇಡ. ನಾನು ಏನೂ ಹೇಳಲಿಲ್ಲ. ಕೊನೆಗೆ ಎಡಗಡೆ ಒಂದು ತಟ್ಟೆಯಷ್ಟು ಉಳಿಯಿತು. ಖಾಲಿ ಶೋಕೇಸಿನ ಹಲಗೆಯನ್ನು ಬೆರಳಲ್ಲಿ ತಟ್ಟಿ, "ಗಟ್ಟಿ ಮರ. ಇದನ್ನು ಮಾರಬೇಡ, ಬೇರೆ ಏನಾದರೂ ಮಾಡಿಸು" ಅಂದರು.

ಆರಡಿ ಉದ್ದ, ಹದಿನೈದು ಇಂಚು ಅಗಲದ ಐದು ತೇಗದ ಹಲಗೆ ಇವೆ. ಏನು ಮಾಡಿಸಲಿ?

ಗಾರೆ ನೆಲ | ಆಗಸ್ಟ್ 3

ಐದು ಹಲಗೆ, ಮೈಸೂರಿನ ಮನೆ, ಮುಂದೆ ನವರಾತ್ರಿ. ಇದನ್ನೂ ಕೇಳಬೇಕಾ? ಗೊಂಬೆ ಮೆಟ್ಟಿಲು!

ಚಿಕ್ಕಪೇಟೆ ಚೀಲ | ಆಗಸ್ಟ್ 3

ಅಯ್ಯೋ, ಎಷ್ಟು ಸರಿಯಾಗಿದೆ! ಬೆಸ ಸಂಖ್ಯೆಯೂ ಆಯಿತು.

ಹಬ್ಬ ಮುಗಿದ ಮೇಲೆ ಅದನ್ನು ಎಲ್ಲಿಡುತ್ತೀರಿ ಅಂತ ಆಚಾರ್ರಿಗೆ ಮೊದಲೇ ಹೇಳಿ. ಪಕ್ಕದ ಚೌಕಟ್ಟು ಬಿಚ್ಚಿ ಜೋಡಿಸುವ ಹಾಗೆ ಬೋಲ್ಟ್ ಹಾಕಿಸಿ, ಮೊಳೆ ಹೊಡೆಸಬೇಡಿ. ಮೂರು ಹಲಗೆ ಗೋಡೆ ಪಕ್ಕ ಪುಸ್ತಕದ ತಗ್ಗು ರ್‍ಯಾಕ್ ಆಗಲಿ, ಎರಡು ಹಲಗೆ ಜೋಡಿಸಿ ಕೂರುವ ಬೆಂಚ್.

ಕಿಟಕಿ ಪಕ್ಕ | ಆಗಸ್ಟ್ 4

ಅತ್ತೆಗೆ ಓದಿ ಹೇಳಿದೆ. ಆಚಾರ್ರಿಗೆ ಆಗಲೇ ಫೋನ್ ಹೋಗಿದೆ, ನನ್ನದಲ್ಲ, ಅವರದ್ದು.

ಡೈನಿಂಗ್ ಟೇಬಲ್‌ಗೂ ಒಂದು ದಾರಿ ಹೇಳಿ. ಆರಡಿ ಉದ್ದ, ಮೂರೂವರೆ ಅಡಿ ಅಗಲ, ಆರು ಬೆತ್ತದ ಕುರ್ಚಿ. ಅದರಲ್ಲಿ ನಾಲ್ಕಕ್ಕೆ ಬೆತ್ತ ಹರಿದಿದೆ. ಮನೆಯಲ್ಲಿ ಇರುವುದು ನಾಲ್ಕೇ ಜನ. ಮಾರಿ ಚಿಕ್ಕದು ತರಲಾ?

ಗಾರೆ ನೆಲ | ಆಗಸ್ಟ್ 4

ಹನ್ನೊಂದಡಿ ಅಗಲದ ನಡುವೆ ಮೂರೂವರೆ ಅಡಿ ಟೇಬಲ್. ಎರಡೂ ಕಡೆ ಮೂರೂ ಮುಕ್ಕಾಲು ಅಡಿ ಉಳಿಯಿತು. ಒಬ್ಬರು ಕುರ್ಚಿ ಎಳೆದು ಕೂತರೆ ಎರಡಡಿ ಹೋಯಿತು. ಹಿಂದೆ ಸಾಂಬಾರ್ ಪಾತ್ರೆ ಹಿಡಿದವರು ಅಡ್ಡಡ್ಡ ನಡೆಯಬೇಕು. ನೀವು ಟಿವಿ ಮುಂದೆ ಉಣ್ಣುವುದು ಸೋಮಾರಿತನದಿಂದ ಅಲ್ಲ ಅಂತ ನನಗೆ ಅನಿಸುತ್ತೆ.

ಟೇಬಲಿನ ಉದ್ದದ ಬದಿಯನ್ನು ಗೋಡೆಗೆ ಒತ್ತಿ. ಈಚೆ ಏಳೂವರೆ ಅಡಿ ಖಾಲಿ ಸಿಗುತ್ತೆ. ಒಬ್ಬರಿಗೆ ಎರಡಡಿ ಜಾಗ ಬೇಕು. ಎರಡು ತುದಿಗೆ ಒಬ್ಬೊಬ್ಬರು, ಈಚೆ ಇಬ್ಬರು ಆರಾಮಾಗಿ ಕೂರಬಹುದು. ನೆಂಟರು ಬಂದಾಗ ಎಳೆದು ನಡುವೆ ಹಾಕಿ. ಉಳಿದ ಎರಡು ಕುರ್ಚಿ ಹಾಲ್‌ಗೆ ಹೋಗಲಿ. ತೇಗದ ಟೇಬಲ್ ಮಾರಿ ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಟೇಬಲ್ ತಂದರೆ, ನೀರು ಚೆಲ್ಲಿದ ಮೂರನೇ ತಿಂಗಳಿಗೆ ಅಂಚು ಉಬ್ಬುತ್ತೆ.

ಬೆತ್ತ ಹೆಣೆಯುವವರು ಮೈಸೂರಿನಲ್ಲಿ ಇನ್ನೂ ಇದ್ದಾರೆ, ಹಳೆ ಫರ್ನಿಚರ್ ಅಂಗಡಿಗಳಲ್ಲಿ ಕೇಳಿ. ಪ್ಲಾಸ್ಟಿಕ್ ಬೆತ್ತಕ್ಕೂ ನಿಜವಾದ ಬೆತ್ತಕ್ಕೂ ದರ ಬೇರೆ, ಮೊದಲೇ ಮಾತಾಡಿ.

ಬಾಡಿಗೆ ಮನೆ | ಆಗಸ್ಟ್ 5

ಸೋಫಾ ಬಗ್ಗೆ ನನಗೆ ಗೊತ್ತು, ಈ ಸಲ ನಿಜವಾಗಿ ಗೊತ್ತು. ಚೌಕಟ್ಟು ಗಟ್ಟಿ ಇದ್ದರೆ ಹೊಸದು ತಗೋಬೇಡಿ. ಪಕ್ಕದಿಂದ ಹಿಡಿದು ಅಲ್ಲಾಡಿಸಿ ನೋಡಿ. ಕಿರ್ ಅನ್ನದಿದ್ದರೆ ಫೋಮ್, ಬಟ್ಟೆ ಮಾತ್ರ ಬದಲಾಯಿಸಿ. ಸೀಟಿಗೆ 40 ಡೆನ್ಸಿಟಿ ಫೋಮ್ ಕೇಳಿ, ಒರಗುವ ಕಡೆ 32 ಸಾಕು. ಅಗ್ಗದ ಮೆತ್ತಗಿನ ಫೋಮ್ ಹಾಕಿಸಿದರೆ ನಿಮ್ಮ ಅತ್ತೆ ಕೂತ ಮೇಲೆ ಇಬ್ಬರು ಎಬ್ಬಿಸಬೇಕಾಗುತ್ತೆ. ಕೂರುವ ಎತ್ತರ ನೆಲದಿಂದ 17-18 ಇಂಚು ಬರಲಿ. ರೆಕ್ಸಿನ್ ಮತ್ತೆ ಬೇಡ. ಬಟ್ಟೆಗೆ ಜಿಪ್ ಇಡಿಸಿ, ಬಿಚ್ಚಿ ಒಗೆಯಬಹುದು.

ನಾನು ಒಬ್ಬರ ಹತ್ತಿರ ಮಾಡಿಸಿದಾಗ ಮೇಲೆ ಒಂದಿಂಚು ಹೊಸ ಫೋಮ್, ಒಳಗೆ ಹಳೇ ಚಿಂದಿಯನ್ನೇ ತುಂಬಿದ್ದರು. ಹಾಗಾಗಿ ಬಟ್ಟೆ ಹೊಲಿಯುವ ಮೊದಲು ಹೋಗಿ ಒಳಗಿರುವುದನ್ನು ಕಣ್ಣಾರೆ ನೋಡಿ.

ಚಿಕ್ಕಪೇಟೆ ಚೀಲ | ಆಗಸ್ಟ್ 6

ಪರದೆಗೆ ಬರೋಣ. ರೆಡಿಮೇಡ್‌ನಲ್ಲಿ ಐದಡಿ, ಏಳಡಿ, ಒಂಬತ್ತಡಿ ಉದ್ದ ಸಿಗುತ್ತೆ. ನಿಮ್ಮ ಕಿಟಕಿಗೆ ಯಾವುದೂ ಸರಿಹೊಂದಲ್ಲ ಅನ್ನುವುದು ಎಲ್ಲ ಮನೆಯ ಅನುಭವ. ಮೀಟರ್ ಲೆಕ್ಕದಲ್ಲಿ ಹತ್ತಿ ಬಟ್ಟೆ ತಂದು ಹೊಲಿಸಿ. ಕಿಟಕಿ ಅಗಲದ ಎರಡರಷ್ಟು ಬಟ್ಟೆ ಬೇಕು, ಇಲ್ಲದಿದ್ದರೆ ನಿರಿಗೆ ಬೀಳದೆ ಬೆಡ್‌ಶೀಟ್ ಒಣಗಿಸಿದ ಹಾಗೆ ಕಾಣುತ್ತೆ. ಹೊಲಿಸುವ ಮೊದಲು ಒಂದು ಸಲ ನೀರಿಗೆ ಹಾಕಿ ಒಣಗಿಸಿ, ಹತ್ತಿ ಕುಗ್ಗುತ್ತೆ.

ರಾಡ್ ಕಿಟಕಿಯ ಚೌಕಟ್ಟಿಗೆ ಹೊಡೆಸಬೇಡಿ. ಅರ್ಧ ಅಡಿ ಮೇಲೆ, ಎರಡೂ ಕಡೆ ಅರ್ಧ ಅಡಿ ಆಚೆ. ಸರಿಸಿದಾಗ ಪರದೆ ಗೋಡೆ ಮೇಲೆ ನಿಲ್ಲುತ್ತೆ, ಇಡೀ ಕಿಟಕಿ ತೆರೆದುಕೊಳ್ಳುತ್ತೆ.

ಹುಬ್ಬಳ್ಳಿ ಕೌದಿ | ಆಗಸ್ಟ್ 6

ನೆಲಕ್ಕ ಹಾಸೋದು ನಾ ಹೇಳ್ತೀನಿ. ನಮ್ಮ ಧಾರವಾಡ ಜಿಲ್ಲೆಯ ನವಲಗುಂದದಾಗ ಹೆಣ್ಣುಮಕ್ಕಳು ನೇಯುವ ಜಮಖಾನ ನೋಡ್ರಿ. ಹತ್ತಿದು. ನವಿಲು, ಪಗಡೆ ಹಾಸಿನ ಚೌಕ ಇರತಾವ. ಕೆಂಪು ನೆಲಕ್ಕ ಭಾಳ ಛಂದ ಒಪ್ಪತಾವ. ಅದಕ್ಕ ಜಿಐ, ಅಂದ್ರ ಭೌಗೋಳಿಕ ಗುರುತಿನ ಮಾನ್ಯತೆ ಐತಿ. ಮಷಿನ್ ಕಾರ್ಪೆಟ್ ಹಂಗ ಧೂಳು ಹಿಡಿಯಂಗಿಲ್ಲ, ಝಾಡಿಸಿ ಬಿಸಿಲಿಗೆ ಹಾಕಿದ್ರ ಮುಗೀತು. ದೊಡ್ಡದು ತುಟ್ಟಿ. ಸಣ್ಣದೇ ತಗೊಂಡು ಸೋಫಾ ಮುಂದ ಹಾಕ್ರಿ.

ಅತ್ತೆಯವರ ಹಳೇ ಸೀರಿ ಇದ್ರ ಕೌದಿ ಹೊಲಸಿ ಬೆಂಚಿನ ಮ್ಯಾಲ ಹಾಕ್ರಿ.

ಕಿಟಕಿ ಪಕ್ಕ | ಸೆಪ್ಟೆಂಬರ್ 9

ಬಣ್ಣ ಮುಗಿಯಿತು, ಫೋಟೋ ಹಾಕಿದ್ದೇನೆ. ಎರಡನೇ ಪ್ರೈಮರ್ ದಿನ ಪೇಂಟರ್ "ಇದಕ್ಕೆ ಬೇಡ ಮೇಡಂ, ಪುಟ್ಟಿ ಚೆನ್ನಾಗಿ ಕೂತಿದೆ" ಅಂದರು. ನಾನು ಫೋನ್ ತೆಗೆದು ಇಲ್ಲಿ ಬರೆದಿದ್ದನ್ನು ಓದಿ ಹೇಳಿದೆ. "ಯಾರ್ರೀ ಅದು ನಮ್ಮೋರೇ ಬರೆದಿರೋದು" ಅಂತ ನಕ್ಕು, ಬ್ರಷ್ ತಗೊಂಡರು.

ಮೊನ್ನೆ ಭಾನುವಾರ ನೆಲ ಉಜ್ಜಿದೆವು. ತೆಂಗಿನ ನಾರು, ನಾಲ್ಕು ಜನ, ಮೂರು ಗಂಟೆ. ಶೋಕೇಸ್ ನಿಂತಿದ್ದ ಜಾಗದ ನೆಲ ನಲವತ್ತು ವರ್ಷ ಬೆಳಕು ಕಂಡಿರಲಿಲ್ಲ. ಅಲ್ಲಿ ಆರಡಿ ಉದ್ದದ ಒಂದು ಪಟ್ಟೆ ರಕ್ತಗೆಂಪಾಗಿ, ಕನ್ನಡಿಯಂತೆ ಇದೆ. ಸುತ್ತಲಿನ ನೆಲ ಎಷ್ಟು ಪಾಲಿಶ್ ಮಾಡಿದರೂ ಅದಕ್ಕೆ ಸಮ ಬರಲಿಲ್ಲ. ನಮ್ಮವರು ಜಮಖಾನ ಅಲ್ಲಿಗೇ ಹಾಕೋಣ, ಮುಚ್ಚುತ್ತೆ ಅಂದರು. ಅತ್ತೆ ಬೇಡ ಅಂದರು. ಜಮಖಾನ ಸೋಫಾ ಮುಂದೆ ಹೋಯಿತು.

ಸ್ವಿಚ್ ಬೋರ್ಡ್ | ಸೆಪ್ಟೆಂಬರ್ 9

ಫೋಟೋದಲ್ಲಿ ಟೇಬಲ್ ಮೇಲೆ ಗೋಡೆ ದೀಪ ಕಂಡಿತು. ಖುಷಿಯಾಯಿತು. ಆ ದೀಪದ ಪಕ್ಕ ಒಂದು ಪ್ಲಗ್ ಪಾಯಿಂಟ್ ಕೊಟ್ಟಿದ್ದೀರಾ? ಗೊಂಬೆ ಕೂರಿಸುವಾಗ ಸೀರಿಯಲ್ ಸೆಟ್‌ಗೆ ಬೇಕು.

ಕಿಟಕಿ ಪಕ್ಕ | ಸೆಪ್ಟೆಂಬರ್ 10

ಕೊಟ್ಟಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸೇ ಗತಿ.

ಕಿಟಕಿ ಪಕ್ಕ | ನವರಾತ್ರಿಯ ಮೂರನೇ ದಿನ

ಈಗ ಖರ್ಚಿನ ಲೆಕ್ಕ ಕೊಡುತ್ತೇನೆ. ಪೈಪು, ಪ್ಲಾಸ್ಟರ್ 6,500. ಬಣ್ಣ 17,800. ಸೋಫಾ 13,500. ಟೇಬಲ್ ಪಾಲಿಶ್, ನಾಲ್ಕು ಕುರ್ಚಿಗೆ ಬೆತ್ತ ಸೇರಿ 6,000. ಶೋಕೇಸ್ ಬಿಚ್ಚಿ ಮೆಟ್ಟಿಲು ಮಾಡಿದ್ದಕ್ಕೆ 4,500. ಲೈಟ್, ವೈರಿಂಗ್ 4,200. ಪರದೆ ಬಟ್ಟೆ, ಹೊಲಿಗೆ, ರಾಡ್ 5,600. ಜಮಖಾನ 2,800. ನೆಲದ ಪಾಲಿಶ್ 900. ಒಟ್ಟು 61,800. ಮೇಲಿನ 1,800 ಅತ್ತೆಯ ಸಾಸಿವೆ ಡಬ್ಬಿಯಿಂದ ಬಂತು. ಆ ಡಬ್ಬಿಯಲ್ಲಿ ಇನ್ನೆಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ.

ಮಾಡದೆ ಬಿಟ್ಟದ್ದು: ಫಾಲ್ಸ್ ಸೀಲಿಂಗ್, ಟಿವಿ ಪ್ಯಾನೆಲ್, ಟೈಲ್ಸ್. ಬೇಸಿನ್ನನ್ನು ಅಲ್ಲಿಂದ ತೆಗೆಸುವ ಆಸೆ ಇತ್ತು, ದುಡ್ಡಾಗಲಿಲ್ಲ. ಕನ್ನಡಿ, ಲೈಟು ಬಂದ ಮೇಲೆ ಅದು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ.

ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ ಕೂತಿವೆ. ಚನ್ನಪಟ್ಟಣದವು ಕೆಳಗೆ ಮದುವೆ ದಿಬ್ಬಣ ಹೊರಟಿವೆ. ಆ ಹೊಳೆಯುವ ಪಟ್ಟೆಯ ಮೇಲೇ ಅತ್ತೆ ರಂಗೋಲಿ ಹಾಕಿದ್ದಾರೆ. ಬಂದವರಿಗೆಲ್ಲ ಆ ಟೀ ಸೆಟ್‌ನಲ್ಲೇ ಕಾಫಿ. ಎರಡು ದಿನದಲ್ಲಿ ಒಂದು ಕಪ್ ಒಡೆಯಿತು, ಅತ್ತೆಯ ಕೈಯಲ್ಲೇ.

ಡೈನಿಂಗ್ ಟೇಬಲ್‌ನಲ್ಲಿ ಊಟ ಮಾಡುತ್ತಿದ್ದೇವೆ. ಹೆಲ್ಮೆಟ್ ಮಾತ್ರ ನಿನ್ನೆಯಿಂದ ಮತ್ತೆ ಅಲ್ಲಿಗೆ ಬಂದಿದೆ.

ಬಾಡಿಗೆ ಮನೆ | ಅದೇ ದಿನ

ಬಾಗಿಲ ಹಿಂದೆ ಒಂದು ಮೊಳೆ ಹೊಡೆಯಿರಿ, ಹೆಲ್ಮೆಟ್‌ಗೆ. ಹತ್ತು ರೂಪಾಯಿ.

ಅಂದ ಹಾಗೆ, ಶೋಕೇಸಿನ ಸರಿಯುವ ಗಾಜು ಏನಾಯಿತು? ನನಗೆ ಬೇಕಿತ್ತು.

ಕಿಟಕಿ ಪಕ್ಕ | ಅದೇ ದಿನ, ರಾತ್ರಿ

ನಾಲ್ಕೂ ಅಟ್ಟದ ಮೇಲಿವೆ, ಹಳೇ ಕಂಬಳಿ ಸುತ್ತಿ ಇಟ್ಟಿದ್ದೇವೆ. ಎರಡು ಕೊಡಬಹುದು. ಎರಡು ಬೇಕಂತೆ, ಯಾಕೆ ಅಂತ ಅತ್ತೆ ಇನ್ನೂ ಹೇಳಿಲ್ಲ. ದಸರಾ ನೋಡಲು ಬಂದರೆ ತಗೊಂಡು ಹೋಗಿ, ಬರುವಾಗ ಬೆಡ್‌ಶೀಟ್ ತನ್ನಿ ಸುತ್ತಲು.